ಒಳಗಿನವರ ಚಿಲಕ

ನೀವು ಎಂದಾದರೂ ಹಾನಗಲ್ಲಿನ ನಮ್ಮ ಮನೆಯ ಹಿತ್ತಲಿಗೆ ಬಂದರೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಮೇಲ್ಭಾಗ ಕತ್ತರಿಸಿದ ಹಳೆಯ ಎಣ್ಣೆ ಡಬ್ಬಿಯೊಂದನ್ನು ಕಾಣುವಿರಿ. ಮೊದಲು ಅದರಲ್ಲಿ ಮರುಗದ ಗಿಡವಿತ್ತು. ಗಿಡ ಒಣಗಿ ಡಬ್ಬಿ ಉಳಿಯಿತು. ಈಗ ಅದರ ತುಂಬ ಚಿಲಕಗಳಿವೆ, ಹದಿನಾಲ್ಕು ಬಗೆಯವು. ಹಿತ್ತಾಳೆಯವು, ಹಿತ್ತಾಳೆಯ ಬಣ್ಣ ಬಳಿದುಕೊಂಡವು, ಉಕ್ಕೆಂದು ಹೇಳಿ ಮಾರಿದ ತಗಡಿನವು, ಒತ್ತಿದರೆ ತೆರೆಯುವವು, ತಿರುವಿದರೆ ತೆರೆಯುವವು, ಏನು ಮಾಡಿದರೂ ತೆರೆಯದವು. ಡಬ್ಬಿಯನ್ನು ಕಾಲಿನಿಂದ ಒಮ್ಮೆ ಸರಿಸಿದರೆ ಸಾಕು, ಆ ಸದ್ದಿಗೆ ಪಕ್ಕದ ಮನೆಯ ಬೆಕ್ಕು ಗೋಡೆ ಹತ್ತುತ್ತದೆ. ನಾನು ದಿನಕ್ಕೊಮ್ಮೆಯಾದರೂ ಸರಿಸುತ್ತೇನೆ. ಮನುಷ್ಯರ ಜಾಣತನದ ಬಗ್ಗೆ ನನಗಿರುವ ಅಭಿಪ್ರಾಯವನ್ನು ಇಷ್ಟು ಚೊಕ್ಕವಾಗಿ ಹೇಳುವ ವಾದ್ಯ ಬೇರೊಂದಿಲ್ಲ.

ಇಷ್ಟು ಚಿಲಕ ಯಾಕೆ ಕೊಂಡೆ ಎಂದು ಕೇಳುತ್ತೀರಿ. ಹೇಳುತ್ತೇನೆ, ಆದರೆ ನಡುವೆ ಅವರಿವರನ್ನು ಬೈದರೆ ನೀವು ಸಹಿಸಿಕೊಳ್ಳಬೇಕು. ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಕಂಪೌಂಡರಾಗಿ ದುಡಿದವನು ನಾನು. ಸುತ್ತಿನ ಹಳ್ಳಿಯ ಜನ ನನ್ನನ್ನು ಡಾಕ್ಟರೆಂದೇ ಕರೆದರು, ನಾನೂ ತಿದ್ದಲಿಲ್ಲ. ಬಾಯಿಲ್ಲದ ರೋಗಿಗಳ ನಡುವೆ ಅಷ್ಟು ಕಾಲ ಕಳೆದವನಿಗೆ ಬಾಯಿರುವವರ ಮಾತು ಸುಲಭಕ್ಕೆ ರುಚಿಸುವುದಿಲ್ಲ. ಅದರಲ್ಲೂ ಅಂಗಡಿಯ ಗಲ್ಲೆಯ ಮೇಲೆ ಕುಳಿತವರ ಮಾತು.

ನನ್ನ ಹೆಂಡತಿ ನೀಲವ್ವ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸಿ ನಿವೃತ್ತಳಾದವಳು. ಮೂರು ವರ್ಷದಿಂದ ಆಕೆಗೆ ಸಂಧಿವಾತ. ಎರಡೂ ಕೈಯ ಗೆಣ್ಣುಗಳು ಬಾತು, ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿವೆ. ಬೆಳಗಿನ ಹೊತ್ತು ಅವು ಆಕೆಯ ಮಾತನ್ನು ಕೇಳುವುದೇ ಇಲ್ಲ. ಊರೂರು ತಿರುಗುವ ಚಪಲದ ಹೆಂಗಸು ಆಕೆ. ನೆಂಟರ ಮನೆಯ ಮದುವೆ ಎಷ್ಟು ದೂರದಲ್ಲಿದ್ದರೆ ಅಷ್ಟು ಸಂತೋಷ. ಈಗ ಬಸ್ಸು ಹತ್ತಲು ಕಂಬಿ ಹಿಡಿಯಬೇಕು, ಹಿಡಿಯಲಾಗುವುದಿಲ್ಲ. ಲಾಡ್ಜಿಗೆ ಹೋದರೆ ಅಲ್ಲಿನ ನಲ್ಲಿಯ ತಲೆ ನುಣ್ಣಗೆ ದುಂಡಗೆ ಇರುತ್ತದೆ, ತಿರುವಲಾಗುವುದಿಲ್ಲ. ಹೀಗೆ ಆಕೆ ಒಂದೊಂದೇ ಊರನ್ನು ಬಿಡುತ್ತ ಬಂದು ಕೊನೆಗೆ ಪಡಸಾಲೆಯ ಕುರ್ಚಿಗೆ ಬಂದು ನಿಂತಳು. ಅದನ್ನು ನೋಡಲಾಗದೆ ನಾನು ಹಳೆಯ ಟೆಂಪೋ ಒಂದನ್ನು ಕೊಂಡು, ಅದರಲ್ಲಿ ಮಂಚ, ಒಲೆ, ನೀರಿನ ಡ್ರಮ್ಮು, ಪರದೆಯ ಹಿಂದೊಂದು ಕಮೋಡು ಕೂಡಿಸಿ ತಿರುಗುವ ಮನೆ ಮಾಡುತ್ತೇನೆಂದು ಹೊರಟೆ. ಇದಕ್ಕೆ ಕ್ಯಾಂಪರ್ ಎಂದು ಹೆಸರಂತೆ. ಮೊಬೈಲಿನಲ್ಲಿ ಇಂಥವನ್ನು ಕಟ್ಟುವವರ ವಿಡಿಯೋಗಳು ರಾಶಿ ರಾಶಿ ಬಿದ್ದಿವೆ. ಎಲ್ಲದರಲ್ಲೂ ಹಿಮದ ಬೆಟ್ಟ, ಕೈಯಲ್ಲಿ ಕಾಫಿಯ ಬಟ್ಟಲು, ಜತೆಗೊಂದು ಕೂದಲಿನ ನಾಯಿ. ಅವರ ಬೆರಳುಗಳನ್ನು ನೋಡಬೇಕು ನೀವು. ವೀಣೆ ನುಡಿಸುವವರಿಗೂ ಅಂಥ ಬೆರಳಿರಲಿಕ್ಕಿಲ್ಲ.

ನೀಲವ್ವ ಒಪ್ಪಿದಳು, ಒಂದೇ ಒಂದು ಕರಾರಿನ ಮೇಲೆ. ಮಂಚ ಮೆತ್ತಗಿರಲಿ, ಬಣ್ಣ ಇಂಥದಿರಲಿ ಎಂದೇನೂ ಕೇಳಲಿಲ್ಲ. "ಕಿಟಕಿ ತಗಿಯೂದು, ಹಾಕೂದು ನನ್ನ ಕೈಲೆ ಆಗಬೇಕ್ರಿ" ಎಂದಳು. "ಅದಕ್ಕೂ ನಿಮ್ಮನ್ನ ಕರೀಬೇಕಂದ್ರ ನಾ ಒಲ್ಲೆ. ಇಲ್ಲೇ ಮನ್ಯಾಗ ಕುಂದರ್ತೇನಿ."

ಇಷ್ಟೇ ತಾನೆ ಎಂದುಕೊಂಡೆ. ಸುಖದ ಮಾತು ಯಾವುದು, ಸಂಕಟದ ಮಾತು ಯಾವುದು ಎಂದು ಗುರುತಿಸಲಾಗದ ಗಂಡಸರೆಲ್ಲ ಹೀಗೆಯೇ ಇಷ್ಟೇ ತಾನೆ ಎಂದುಕೊಳ್ಳುತ್ತಾರೆ.

ಟೆಂಪೋ ಹಿಂದೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೊರುತ್ತಿದ್ದದ್ದು. ಎಷ್ಟು ತೊಳೆದರೂ ಒಳಗೆ ಹೋದವರು ಮೊದಲು ಮೂರು ಸೀನು ಸೀನಿ ಆಮೇಲೆ ಮಾತಾಡುತ್ತಿದ್ದರು. ಮೇಲೆ ಹೊಸ ಬಾಡಿ ಕಟ್ಟಿಸಲು ಅದನ್ನು ಶಿಗ್ಗಾವಿಯ ಹೆದ್ದಾರಿಯ ಬದಿಯ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಕುರಿ ಸಾಗಿಸುವ ಗಾಡಿ, ಗೋವಿನಜೋಳದ ಗಾಡಿ, ಕೋಳಿಯ ಗಾಡಿ, ಎಲ್ಲಕ್ಕೂ ಅಲ್ಲಿಯೇ ಬಾಡಿ ಕಟ್ಟುತ್ತಾರೆ, ಕೆಲಸ ಗಟ್ಟಿ. ಮೂರು ವಾರಕ್ಕೆ ಗಾಡಿ ತಯಾರಾಯಿತು. ಎರಡು ಬದಿಗೆ ಎರಡು ಅಗಲವಾದ ಕಿಟಕಿ, ಮೇಲ್ಗಡೆ ಬಿಜಾಗರಿ, ಕೆಳಗಿನಿಂದ ಹೊರಕ್ಕೆ ತಳ್ಳಿದರೆ ಛತ್ರಿಯ ಹಾಗೆ ತೆರೆದು ನಿಲ್ಲುತ್ತವೆ. ನಾನು ಹೊರಗಿನಿಂದ ತೆರೆದೆ, ಮುಚ್ಚಿದೆ, ತೆರೆದೆ, ಮುಚ್ಚಿದೆ. ಅಂಗೈ ತುಂಬುವ ಕಬ್ಬಿಣದ ಅಗುಳಿ. ಎತ್ತು ಗುದ್ದಿದರೂ ಅಲ್ಲಾಡುವಂಥದಲ್ಲ. ಬಹಳ ಖುಷಿಯಾಗಿ ಮನೆಗೆ ತಂದು, ನೀಲವ್ವನನ್ನು ಮೆಟ್ಟಿಲು ಹತ್ತಿಸಿ ಒಳಗೆ ಕೂಡಿಸಿದೆ. ಆಕೆ ಮೂರು ಸೀನು ಸೀನಿದಳು. ಆಮೇಲೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಚಿಲಕ ಎಲ್ಲೈತ್ರಿ?"

"ಇಲ್ಲೈತಲ್ಲ" ಎಂದೆ, ಹೊರಗೆ ನಿಂತು.

ಒಳಗೆ ಆಕೆ ತಗಡಿನ ಮೇಲೆ ಅಂಗೈ ಸವರಿದ ಸದ್ದಾಯಿತು. ಆಮೇಲೆ ತಗಡಿನ ಹಿಂದಿನಿಂದ ನಿಧಾನವಾಗಿ ಬಂತು: "ನಾ ಏನ್ ಕುರಿ ಏನ್ರಿ?"

ಗೆಳೆಯರೇ, ಆ ವರ್ಕ್‌ಶಾಪಿನವರನ್ನು ನಾನು ಬಾಯಿಗೆ ಬಂದಂತೆ ಬೈದೆ. ಜೀವಮಾನವಿಡೀ ಸರಕಿನ ಗಾಡಿಗೆ ಬಾಡಿ ಕಟ್ಟಿದವರು ಅವರು. ಸರಕು ಒಳಗಿನಿಂದ ಬಾಗಿಲು ತೆಗೆಯುವುದಿಲ್ಲ. ಕುರಿಗೆ ಗಾಳಿ ಬೇಕೆನಿಸಿದರೆ ಅದು ಡ್ರೈವರನನ್ನು ಕೇಳುವುದಿಲ್ಲ. ಹಾಗಾಗಿ ಚಿಲಕವೆಂದರೆ ಹೊರಗೆ ಇರುವ ವಸ್ತು ಎಂದು ಅವರ ಕೈಗಳಿಗೇ ಅಭ್ಯಾಸವಾಗಿ ಹೋಗಿದೆ. ಸರಿ, ಅವರನ್ನು ಬೈಯೋಣ. ಆದರೆ ಮೂರು ವಾರದಲ್ಲಿ ಏಳು ಸಲ ಅಲ್ಲಿಗೆ ಹೋಗಿ, ತಾಸುಗಟ್ಟಲೆ ನಿಂತು, ಆ ಅಗುಳಿಯನ್ನು ಸವರಿ ಸವರಿ ಹೊಗಳಿದ ಮಹಾಶಯನಿಗೆ ಏನು ಹೇಳಬೇಕು? ಆಸ್ಪತ್ರೆಯ ಅಂಗಳದಲ್ಲಿ ಹೋರಿಗಳನ್ನು ಕಂಬಿಗಳ ನಡುವೆ ನಿಲ್ಲಿಸಿ, ಹಿಂದಿನಿಂದ ಸರಳು ತೂರಿಸಿ, ಹೊರಗಿನಿಂದ ಅಗುಳಿ ಜಡಿದು ಸೂಜಿ ಚುಚ್ಚುವುದೇ ನನ್ನ ನೌಕರಿಯಾಗಿತ್ತು. ಒಳಗಿದ್ದವರ ಕಡೆಯಿಂದ ಚಿಲಕವನ್ನು ನೋಡುವ ಪ್ರಸಂಗ ನನಗೂ ಬಂದಿರಲಿಲ್ಲ.

ಯೋಚಿಸಿ ನೋಡಿದರೆ, ಒಂದು ಮನೆಯಲ್ಲಿ ಯಾರು ಯಜಮಾನರು ಎಂದು ತಿಳಿಯಲು ಯಾವ ಕಾಗದಪತ್ರವೂ ಬೇಡ, ಚಿಲಕ ಯಾವ ಮಗ್ಗುಲಿಗಿದೆ ಎಂದು ನೋಡಿದರೆ ಸಾಕು. ನಮ್ಮ ಕಡೆಯ ಹಳೆಯ ಮನೆಗಳ ತಲೆಬಾಗಿಲಿಗೆ ಒಳಗಡೆ ತೊಲೆಯಂಥ ಅಗುಳಿ ಇರುತ್ತಿತ್ತು. ಗೋಡೆಯ ಪೊಟರೆಯಿಂದ ಎಳೆದು ಅಡ್ಡ ಹಾಕಿದರೆ ಹೊರಗಿನ ಲೋಕ ಹೊರಗೆ. ಅದೇ ಮನೆಯ ಕಾಳಿನ ಕೋಣೆಗೆ, ದನದ ಕೊಟ್ಟಿಗೆಗೆ ಕೊಂಡಿ ಹೊರಗಡೆ. ಕಾಳು, ದನ, ಕೈದಿ, ಊರಿನ ದೊಡ್ಡಿಗೆ ಹಾಕಿದ ಬೀಡಾಡಿ ಎಮ್ಮೆ, ಇವರಿಗೆಲ್ಲ ಹೊರಗಿನ ಚಿಲಕ. ಈ ಪಟ್ಟಿಗೆ ನಾನು ಬಹಳ ಆಸ್ಥೆಯಿಂದ, ಕಿಟಕಿಯ ಸುತ್ತ ರಬ್ಬರಿನ ಬಿಗಿಪಟ್ಟಿ ಬಡಿಸಿ, ನನ್ನ ಹೆಂಡತಿಯನ್ನು ಸೇರಿಸಿದ್ದೆ.

ಹೊರಗಿನ ಅಗುಳಿ ಕೀಳಿಸಿದೆ, ಆಗ ಶುರುವಾಯಿತು ಒಳಗಿನ ಚಿಲಕದ ಬೇಟೆ. ಹಾನಗಲ್ಲಿನ ಅಂಗಡಿಯಾತ ಮೊದಲು ಕೇಳಿದ್ದು, ಯಾವ ಸೈಜು; ಎರಡನೆಯದು, ಯಾವ ಫಿನಿಶಿಂಗು; ಮೂರನೆಯದು, ಎಷ್ಟು ಡಜನ್ನು. ಆಮೇಲೆ ಗಾಜಿನ ಮೇಲೆ ಒಂದು ಉದ್ದನೆಯ ಬೋಲ್ಟನ್ನಿಟ್ಟು ಅದು ಮನೆಗೆ ಲಕ್ಷಣ ಎಂದ. ಅದರ ಹಿಡಿಕೆ ಕಡಲೆಕಾಳಿನಷ್ಟು. ಎರಡು ಬೆರಳಿನಿಂದ ಚಿವುಟಿ ಹಿಡಿಯಬೇಕು. ಹಿರೇಕೆರೂರಿನ ದೊಡ್ಡ ಅಂಗಡಿಯವರು ಕುರ್ಚಿ ಹಾಕಿ ಚಹ ತರಿಸಿ, ಜೀವಮಾನದ ಗ್ಯಾರಂಟಿ ಎಂದು ಒಂದನ್ನು ಕೊಟ್ಟರು; ಅದರ ಜೀವಮಾನ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನವರೆಗೆ. ಅಲ್ಲಿ ಕುಳಿತು ನಾಲ್ಕು ಸಲ ತಿರುಗಿಸಿ ನೋಡಿದ್ದಕ್ಕೆ ಸ್ಪ್ರಿಂಗು ಹಾರಿ ಯಾರೋ ಹೆಣ್ಣುಮಗಳ ಬುಟ್ಟಿಯ ಬದನೆಕಾಯಿಗಳ ನಡುವೆ ಬಿತ್ತು. ನನ್ನ ಅಕ್ಕನ ಮಗನೊಬ್ಬನಿದ್ದಾನೆ, ಕೈಯಲ್ಲಿ ಮೊಬೈಲು ಇದ್ದರೆ ಜಗತ್ತೇ ಇದೆ ಎನ್ನುವವನು. ಆತ ಆನ್‌ಲೈನಿನಲ್ಲಿ ಹುಡುಕಿ, ಇದು ಕ್ಯಾಂಪರಿನದೇ ಚಿಲಕ ಮಾವ ಎಂದು ತರಿಸಿಕೊಟ್ಟ. ನೋಡಲು ಏನು ಚೆಂದ ಅಂತೀರಿ, ಕನ್ನಡಿಯಂತೆ ಫಳಫಳ. ನಡುವಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಪುಟಿದು ಹೊರಗೆ ಬರುತ್ತದೆ, ಆಮೇಲೆ ತಿರುವಬೇಕು. ಒತ್ತುವುದಕ್ಕೇ ಹೆಬ್ಬೆರಳಿಲ್ಲದವರು ತಿರುವುವುದು ಹೇಗೆ ಎಂದು ಆ ಪೆಟ್ಟಿಗೆಯ ಮೇಲೆ ಹದಿಮೂರು ಭಾಷೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ದುಂಡಸಿಯಲ್ಲಿರುವ ನೀಲವ್ವನ ತಮ್ಮ ಈರಣ್ಣ ಎಲ್ಲ ಸಮಸ್ಯೆಗೂ ನೈಲಾನ್ ಹಗ್ಗವೇ ಮದ್ದೆಂದು ನಂಬಿದವನು. "ಒಂದ್ ಗಂಟ್ ಹಾಕಿದ್ರ ಮುಗೀತಲ್ರಿ ಮಾವಾರ" ಎಂದ. ಗಂಟು ಬಿಚ್ಚುವವರು ಯಾರೋ? ಅಕ್ಕನ ಬೆರಳನ್ನು ಅವನೂ ನೋಡಿದ್ದಾನೆ, ನೋಡಿ ಕಣ್ಣೀರು ಹಾಕಿದ್ದಾನೆ. ಆದರೆ ಆ ಕಣ್ಣೀರಿಗೂ ಆ ಗಂಟಿಗೂ ಅವನ ತಲೆಯಲ್ಲಿ ಸಂಬಂಧವಿಲ್ಲ. ಇನ್ನೊಬ್ಬರು ಮ್ಯಾಗ್ನೆಟ್ಟು ಹಾಕಿಸಿ ಎಂದರು. ಹಾಕಿಸಿದೆ. ರಸ್ತೆಯ ಮೊದಲನೇ ಉಬ್ಬಿಗೇ ಕಿಟಕಿ ತೆರೆದುಕೊಂಡು, ಎದುರಿಗೆ ಬಂದ ಬೈಕಿನವನು ನನಗೆ ತಲೆಕೆಟ್ಟಿದೆಯೇ ಎಂದು ನಿಂತು ಕೇಳಿ ಹೋದ. ರೈಲಿನವರಾದರೂ ಇದನ್ನು ಬಗೆಹರಿಸಿರಬಹುದೆಂದು ಯಲವಿಗಿ ಸ್ಟೇಷನ್ನಿಗೆ ಹೋಗಿ, ನಿಂತ ಪ್ಯಾಸೆಂಜರಿನ ಕಿಟಕಿಗಳನ್ನು ಹೊರಗಿನಿಂದ ಒಂದೊಂದಾಗಿ ಪರೀಕ್ಷಿಸಿ ಬಂದೆ. ಅಲ್ಲಿ ಎರಡು ಕೈಯಿಂದ ಎರಡು ಕೊಂಡಿಗಳನ್ನು ಒಮ್ಮೆಲೇ ಒತ್ತಿ ಹಿಡಿದು ಎತ್ತಬೇಕು, ಕೈ ಜಾರಿದರೆ ಷಟರು ಬೆರಳಿನ ಮೇಲೆಯೇ ಬೀಳುತ್ತದೆ. ರೋಗವಿಲ್ಲದವರಿಗೂ ಅದನ್ನು ಕರುಣಿಸಬಲ್ಲ ಯಂತ್ರ ಅದು. ಒಳಗೆ ಕುಳಿತಿದ್ದ ಅಜ್ಜಿಯೊಬ್ಬಳು ನನ್ನನ್ನು ಕಳ್ಳನೆಂದು ತಿಳಿದು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಈ ಎಲ್ಲ ತಿರುಗಾಟದಲ್ಲಿ ಯಾವೊಬ್ಬ ಮಾರುವವನೂ ಕೇಳದ ಪ್ರಶ್ನೆ ಒಂದೇ: ಇದನ್ನು ತೆಗೆಯುವ ಕೈ ಯಾವುದು? ಜಗತ್ತಿನ ಚಿಲಕಗಳನ್ನೆಲ್ಲ ಮಾಡುವವರು ಇಪ್ಪತ್ತೈದು ವರ್ಷದ ಯಾರೋ ಒಬ್ಬ ಗಂಡಸನ್ನು ಎದುರಿಗಿಟ್ಟುಕೊಂಡು ಮಾಡುತ್ತಾರೆ. ಆತನಿಗೆ ಹತ್ತೂ ಬೆರಳು ನೆಟ್ಟಗಿವೆ, ಮುದುಕನಾಗುವ ಯೋಚನೆ ಇಲ್ಲ, ಮನೆಯಲ್ಲಿ ಅವ್ವ ಇಲ್ಲ. ಬಾಟಲಿಯ ಮುಚ್ಚಳ, ಗುಳಿಗೆಯ ಹಾಳೆ, ಗ್ಯಾಸಿನ ಗುಂಡಿ ಎಲ್ಲವೂ ಅವನಿಗಾಗಿಯೇ ಹುಟ್ಟಿವೆ. ಕೀಲುನೋವಿನ ಗುಳಿಗೆಯನ್ನು ಕೀಲುನೋವಿನವರು ಬಿಡಿಸಿಕೊಳ್ಳಲಾಗದಂಥ ಹಾಳೆಯಲ್ಲಿ ತುಂಬಿ ಮಾರುವವರ ಬಗ್ಗೆ ನನಗೆ ಹೇಳುವುದು ಬಹಳ ಇದೆ, ಆದರೆ ಅಚ್ಚಾಗುವ ಭಾಷೆಯಲ್ಲಿಲ್ಲ.

ಒಂದೊಂದು ಚಿಲಕ ತಂದಾಗಲೂ ನೀಲವ್ವ ಗಾಡಿಯ ಮಂಚದ ಮೇಲೆ ಕುಳಿತು ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಮನಸ್ಸಿಟ್ಟು ಪ್ರಯತ್ನಿಸುತ್ತಿದ್ದಳು. ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ಎರಡೂ ಕೂಡಿಸಿ. ನೋವಾದಾಗ ತುಟಿ ಕಚ್ಚುವುದು ನನಗೆ ಕಾಣದಿರಲೆಂದು ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು. ಫಳಫಳ ಹೊಳೆಯುವ ಚಿಲಕದ ಎದುರಿಗಂತೂ ಬಹಳ ಹೊತ್ತು ಕುಳಿತಳು. ಕೊನೆಗೆ "ಚಂದ ಐತ್ರಿ" ಎಂದಳು, ಯಾರದೋ ಮನೆಯ ಸೀರೆಯನ್ನು ನೋಡಿ ಹೇಳುವ ಹಾಗೆ. ನಾನು ಅದನ್ನು ಬಿಚ್ಚಿ ಡಬ್ಬಿಗೆ ಎಸೆದು, ಆನ್‌ಲೈನನ್ನೂ ಅಕ್ಕನ ಮಗನನ್ನೂ ಬೈಯುತ್ತ ನಿಂತೆ. ಹದಿನಾಲ್ಕನೆಯದೂ ಡಬ್ಬಿ ಸೇರಿದ ದಿನ ಆಕೆ ಮೆಟ್ಟಿಲಿಳಿದು ಬಂದು, "ಇನ್ನ ಸಾಕ್ರಿ" ಎಂದಳು. "ನೀವು ಈರಣ್ಣನ್ನ ಕರಕೊಂಡ ಅಡ್ಡ್ಯಾಡಿ ಬರ್ರಿ. ಗಾಡಿ ಹಾಳಾಗೂದು ಬ್ಯಾಡ. ನನಗ ಇಲ್ಲೇ ಆರಾಮ ಐತಿ."

ಆರಾಮವಂತೆ. ಆ ಸಂಜೆ ಆಕೆ ಕುರ್ಚಿಯಲ್ಲಿ ಕುಳಿತು ಟಿ.ವಿ.ಯತ್ತ ನೋಡುತ್ತಿದ್ದಳು, ಟಿ.ವಿ. ಹಚ್ಚಿರಲಿಲ್ಲ. ನಾನು ಹಚ್ಚಿಕೊಟ್ಟೆ. ಅಷ್ಟು ಮಾತ್ರ ನನ್ನಿಂದ ಆಯಿತು.

ಎರಡು ದಿನದ ಮೇಲೆ ಸವಣೂರಿಗೆ ಹೋದದ್ದು ಚಿಲಕಕ್ಕಲ್ಲ, ವೀಳ್ಯದೆಲೆಗೆ. ನೀಲವ್ವನಿಗೆ ಊಟದ ಮೇಲೆ ಅಲ್ಲಿಯದೇ ಎಲೆ ಬೇಕು. ಎಲೆ ಕಟ್ಟಿಸಿಕೊಂಡು ಬರುವ ದಾರಿಯಲ್ಲಿ ಗಫಾರಸಾಬರ ಅಂಗಡಿ. ಅವರು ತಗಡಿನ ಟ್ರಂಕು ಮಾಡುವವರು. ಒಂದು ಕಾಲಕ್ಕೆ ಸವಣೂರಿನ ಮದುವೆಗಳೆಲ್ಲ ಅವರ ಟ್ರಂಕಿನೊಳಗೆ ಮಡಚಿಕೊಂಡೇ ಗಂಡನ ಮನೆಗೆ ಹೋಗುತ್ತಿದ್ದವು. ಈಗ ಯಾರೂ ಟ್ರಂಕು ಕೇಳುವುದಿಲ್ಲ. ಅವರು ಕಾಳಿನ ಕಣಜ, ಕೋಳಿಯ ಗೂಡು, ಹಳೆಯ ಟ್ರಂಕಿನ ರಿಪೇರಿ ಎಂದು ಏನಾದರೂ ಬಡಿಯುತ್ತ ಕೂರುತ್ತಾರೆ. ಅವರ ಮೇಕೆಗಳಿಗೆ ನಾನು ಬಹಳ ವರ್ಷ ಔಷಧ ಕುಡಿಸಿದ್ದೇನೆ.

"ಬರ್ರಿ ಡಾಕ್ಟರಸಾಬ್ರ, ಕುಂದರ್ರಿ. ಮಾರಿ ಯಾಕ ಹಿಂಗಾಗೈತಿ?" ಎಂದರು.

ಕೇಳಿದ್ದೇ ತಪ್ಪಾಯಿತು. ಶಿಗ್ಗಾವಿಯಿಂದ ಯಲವಿಗಿಯವರೆಗಿನ ಸಕಲರನ್ನೂ ಮತ್ತೊಮ್ಮೆ ಮೊದಲಿನಿಂದ ಬೈದೆ. ಅವರು ತಗಡಿನ ಅಂಚನ್ನು ತಂತಿಯ ಮೇಲೆ ಸುತ್ತಿ ಬಡಿಯುತ್ತಲೇ ಕೇಳಿದರು. ನನ್ನ ಬೈಗುಳಕ್ಕೂ ಅವರ ಸುತ್ತಿಗೆಗೂ ಲಯ ಕೂಡಿತ್ತು. ಎಲ್ಲ ಮುಗಿದ ಮೇಲೆ ಸುತ್ತಿಗೆ ಕೆಳಗಿಟ್ಟು, "ಅಕ್ಕಾರು ಕೈಲೆ ಏನೇನ್ ಮಾಡ್ತಾರ್ರಿ?" ಎಂದರು.

ಇದೊಂದು ಪ್ರಶ್ನೆಗೆ ನಾನು ಮೂರು ವರ್ಷದಿಂದ ತಯಾರಾಗಿದ್ದೆ. ಜಂಪರಿನ ಗುಂಡಿ ಹಾಕಲಾಗುವುದಿಲ್ಲ, ಡಬ್ಬಿಯ ಮುಚ್ಚಳ ತೆಗೆಯಲಾಗುವುದಿಲ್ಲ, ಕೀಲಿ ತಿರುವಲಾಗುವುದಿಲ್ಲ, ಸೂಜಿ ಪೋಣಿಸಲಾಗುವುದಿಲ್ಲ, ಚಹದ ಕಪ್ಪಿನ ಕಿವಿಯಲ್ಲಿ ಬೆರಳು ಹೋಗುವುದಿಲ್ಲ ಎಂದು ಹೇಳುತ್ತಲೇ ಹೋದೆ. ಎಷ್ಟು ನಿರರ್ಗಳವಾಗಿ ಹೇಳಿದೆನೆಂದರೆ ನನಗೇ ನನ್ನ ಬಗ್ಗೆ ಗೌರವ ಬಂತು. ಇಷ್ಟೆಲ್ಲವನ್ನೂ ಆಕೆಗೆ ಮಾಡಿಕೊಡುವವನು ನಾನಲ್ಲವೇ?

ಗಫಾರಸಾಬರು ತಾಳ್ಮೆಯಿಂದ ಕೇಳಿ, "ಆಗಲಾರದ್ದು ಕೇಳಲಿಲ್ರಿ ನಾ" ಎಂದರು. "ಆಗೂದು ಹೇಳ್ರಿ."

ನನಗೆ ಒಂದೂ ಹೊಳೆಯಲಿಲ್ಲ. ಎಮ್ಮೆ ಕಾಲು ಎಳೆದರೆ ಯಾವ ಗೊರಸಿನ ಮೇಲೆ ಭಾರ ಹಾಕುತ್ತದೆ ಎಂದು ದೂರದಿಂದಲೇ ಹೇಳುತ್ತಿದ್ದವನು ನಾನು. ಒಂದೇ ಸೂರಿನ ಕೆಳಗಿರುವವಳ ಕೈಗೆ ಏನು ಬರುತ್ತದೆ ಎಂದು ಕೇಳಿದರೆ ಎಲೆಯ ಕಟ್ಟನ್ನು ತೊಡೆಯ ಮೇಲೆ ಅತ್ತಿಂದಿತ್ತ ಸರಿಸುತ್ತ ಕುಳಿತೆ. ಅವರೇ ಕಡೆಗೆ, "ಕರಕೊಂಡ ಬರ್ರಿ ಅವರನ್ನ. ಅಳತಿ ಇಲ್ಲದ ನಾ ಏನೂ ಮಾಡೂದಿಲ್ಲ" ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡರು.

ಮರುದಿನ ನೀಲವ್ವನನ್ನು ಒಪ್ಪಿಸಿ ಗಾಡಿಯಲ್ಲಿಯೇ ಕರೆದೊಯ್ದೆ. ಆಕೆ ಅಂಗಡಿಯ ಮುಂದಿನ ಬಾಕಿನ ಮೇಲೆ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕುಳಿತಳು; ಹೊರಗೆ ಹೋದಾಗ ಆಕೆ ಹಾಗೆಯೇ ಕೂರುವುದು. ಗಫಾರಸಾಬರು ಆಕೆಯ ಕೈಯನ್ನು ತೋರಿಸಿರೆಂದು ಕೇಳಲಿಲ್ಲ. ಮಕ್ಕಳ ಬಗ್ಗೆ, ಅಂಗನವಾಡಿಯ ಬಗ್ಗೆ ಮಾತಾಡುತ್ತ ಚಹ ತರಿಸಿ, ಲೋಟವನ್ನು ಆಕೆ ಎರಡು ಮಣಿಕಟ್ಟಿನ ನಡುವೆ ಹಿಡಿದುಕೊಳ್ಳುವುದನ್ನು ಓರೆಗಣ್ಣಿನಿಂದ ನೋಡಿದರು. ಆಮೇಲೆ ಅದೇ ಪ್ರಶ್ನೆ.

"ಅಕ್ಕಾರ, ಈ ಕೈಲೆ ನಿಮಗ ಏನ್ ಛಲೋ ಆಕ್ಕೈತ್ರಿ?"

ನೀಲವ್ವ ಕ್ಷಣವೂ ಯೋಚಿಸಲಿಲ್ಲ. "ರೊಟ್ಟಿ ಬಡೀತೇನ್ರಿ" ಎಂದಳು.

ಕೇಳಿದಿರಾ? ಹಿಟ್ಟು ನಾದುವವನು ನಾನು, ಉಂಡೆ ಮಾಡಿ ಮುಂದಿಡುವವನು ನಾನು, ಬಡಿದ ರೊಟ್ಟಿಯನ್ನು ಹಂಚಿಗೆ ಹಾಕುವವನೂ ನಾನು. ನಡುವೆ ಬಡಿಯುವವಳು ಆಕೆ. ಬೆರಳುಗಳು ಮೇಲಕ್ಕೆದ್ದೇ ಇರುತ್ತವೆ, ಅಂಗೈಯ ಬುಡದಿಂದ ತಟತಟ ಬಡಿದು ತಿರುಗಿಸುತ್ತಾಳೆ. ಮೊದಲಿನಷ್ಟು ತೆಳ್ಳಗಾಗುವುದಿಲ್ಲ, ಅಂಚು ಸೀಳುತ್ತದೆ, ಎರಡೇ ರೊಟ್ಟಿಗೆ ದಣಿಯುತ್ತಾಳೆ. ಆದರೂ ಒಂದು ದಿನವೂ ಬಿಟ್ಟಿಲ್ಲ. ಮೂರು ವರ್ಷ, ದಿನವೂ ಮಧ್ಯಾಹ್ನ, ಒಂದು ಮೊಳ ದೂರದಲ್ಲಿ ಕುಳಿತು ನಾನು ಅದನ್ನು ನೋಡಿದ್ದೇನೆ. ನೋಡಿ, ಹಿಟ್ಟು ಎಷ್ಟು ಚೆನ್ನಾಗಿ ನಾದಿದ್ದೇನೆ ಎಂದಷ್ಟೇ ಅಂದುಕೊಂಡಿದ್ದೇನೆ. ಹದಿನಾಲ್ಕು ಚಿಲಕಗಳನ್ನು ಮಾಡಿದ ಹದಿನಾಲ್ಕು ಕಾರ್ಖಾನೆಯವರಿಗೆ ನೀಲವ್ವ ಯಾರೆಂದು ಗೊತ್ತಿರಲಿಲ್ಲ, ಅವರಿಗೊಂದು ನೆಪವಿದೆ. ನನಗೆ ಯಾವ ನೆಪವಿದೆ, ನೀವೇ ಹೇಳಿ.

ಗಫಾರಸಾಬರು ಒಂದು ಟ್ರಂಕಿನ ಮುಚ್ಚಳವನ್ನು ಆಕೆಯ ಮುಂದೆ ಸರಿಸಿ, "ಬಡದ್ ತೋರಸ್ರಿ" ಎಂದರು. ಆಕೆ ಸೆರಗಿನಿಂದ ಕೈ ಹೊರತೆಗೆದಳು. ಬೀದಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ಧಪ್ ಎಂದು ಬಡಿದಳು. ಇನ್ನೊಮ್ಮೆ ಬಡಿದಳು. ಮೂರನೆಯ ಸಲ ಯಾರೂ ಹೇಳಿರಲಿಲ್ಲ, ತಾನಾಗಿಯೇ ಬಡಿದಳು. ಸಾಬರು ತಲೆಯಾಡಿಸಿ, ಆಕೆಯ ಅಂಗೈಯ ಅಗಲವನ್ನು ಗಾಳಿಯಲ್ಲಿಯೇ ಒಂದು ದಾರದಿಂದ ಅಳೆದುಕೊಂಡರು.

ಎರಡೂ ಕಿಟಕಿಗೆ ಅವರು ಮಾಡಿದ್ದು ಬಹಳ ಸಾದಾ ವಸ್ತು. ಟ್ರಂಕಿನ ಮುಚ್ಚಳ ಬಿದ್ದ ಕೂಡಲೇ ತಾನೇ ಕಚ್ಚಿಕೊಳ್ಳುವ ಸ್ಪ್ರಿಂಗಿನ ಕೊಂಡಿಯೊಂದು ಇರುತ್ತದಲ್ಲ, ಅದು. ಅದರ ತಲೆಗೆ ಅಂಗೈ ಅಗಲದ ತಗಡಿನ ಪಟ್ಟಿ, ಅಂಚೆಲ್ಲ ತಂತಿಯ ಮೇಲೆ ಸುತ್ತಿ ನುಣುಪು ಮಾಡಿದ್ದು. ಮೇಲಿನಿಂದ ಬಡಿದರೆ ಕೊಂಡಿ ಬಿಡುತ್ತದೆ, ಕಿಟಕಿ ಹೊರಕ್ಕೆ ಹಾರಿ ನಿಲ್ಲುತ್ತದೆ. ಮುಚ್ಚಲು ಮಂಚಕ್ಕೆ ಹೆಣೆಯುವ ನವಾರಿನ ಒಂದು ಉಂಗುರ ಇಳಿಬಿಟ್ಟಿದ್ದಾರೆ. ಅದರೊಳಗೆ ಮಣಿಕಟ್ಟು ತೂರಿಸಿ ಎಳೆದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಮೊದಲು ಸ್ಪ್ರಿಂಗು ಬಿಗಿಯಾಗಿತ್ತು, ಆಕೆ ಬಡಿದರೂ ಬಿಡಲಿಲ್ಲ. ಎರಡನೆಯ ಸಲ ಸಡಿಲಾಗಿ, ಗಾಡಿ ಕೆಮ್ಮಿದರೂ ಕಿಟಕಿ ತೆರೆಯಿತು. ಮೂರನೆಯ ಸಲ ಸರಿಯಾಯಿತು. ಅಷ್ಟರಲ್ಲಿ ಮೂರು ವಾರ ಕಳೆಯಿತು, ಯಾಕೆಂದರೆ ಗಫಾರಸಾಬರು ಕೆಲಸದ ನಡುವೆ ಮಾತಾಡುತ್ತಾರೆ, ಮಾತಿನ ನಡುವೆ ನಮಾಜಿಗೆ ಹೋಗುತ್ತಾರೆ, ಬಂದು ಮತ್ತೆ ಮಾತನ್ನು ಮೊದಲಿನಿಂದ ಆರಂಭಿಸುತ್ತಾರೆ. ಅವರನ್ನೂ ಬೈಯಬೇಕೆಂದುಕೊಂಡೆ, ಆಗಲಿಲ್ಲ. ಪಟ್ಟಿಗೆ ಯಾವ ಬಣ್ಣ ಎಂದು ಅವರು ಕೇಳಿದ್ದು ನೀಲವ್ವನನ್ನು, ನನ್ನನ್ನಲ್ಲ. ಆಕೆ ಗಿಳಿಹಸಿರು ಎಂದಳು.

ಮೊದಲ ಪ್ರಯಾಣ ಹಿರೇಕೆರೂರಿನ ಮೇಲೆ ಹಾಯ್ದು ಮಾಸೂರಿಗೆ, ಮದಗದ ಕೆರೆಗೆ. ದೂರವೇನಿಲ್ಲ, ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆವು. ಒಂದು ಕಿಟಕಿ ನೀರಿನ ಕಡೆಗೆ ಬರುವಂತೆ ಗಾಡಿ ನಿಲ್ಲಿಸಿ, ನಾನು ಇಳಿದು ಗಾಲಿಗೆ ಕಲ್ಲು ಕೊಡುತ್ತಿದ್ದೆ. ಕೆಳಗಿನ ಗದ್ದೆಯಲ್ಲಿ ಹೆಂಗಸರು ನಾಟಿ ಮಾಡುತ್ತಿದ್ದರು. ಆಚೆ ಬದಿಯಲ್ಲೊಮ್ಮೆ, ಆಮೇಲೆ ನನ್ನ ತಲೆಯ ಮೇಲೆ ಧಪ್ ಎಂದು ಸದ್ದಾಯಿತು. ಕಿಟಕಿ ತೆರೆದುಕೊಂಡು ನೀಲವ್ವನ ಮುಖ ಕಂಡಿತು. ಆಕೆ ನನ್ನನ್ನು ನೋಡಲಿಲ್ಲ, ನೀರನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಇನ್ನೇನು ನಾನೊಂದು ದೊಡ್ಡ ಮಾತು ಹೇಳಬೇಕು, ಆಕೆ ಕೃತಜ್ಞತೆಯಿಂದ ಕಣ್ಣು ತುಂಬಿಕೊಳ್ಳಬೇಕು, ಎಲ್ಲ ಮನಸ್ಸಿನಲ್ಲಿ ತಯಾರಾಗಿತ್ತು. ಅಷ್ಟರಲ್ಲಿ ಗಾಳಿ ಬೀಸಿ ಕಿಟಕಿ ಅಲುಗಿತು. ನಾನು ಅಭ್ಯಾಸದಿಂದ ಕೈಯೆತ್ತಿ ಅದರ ಅಂಚು ಹಿಡಿದೆ.

"ಕೈ ತಗೀರಿ" ಎಂದಳು ನೀಲವ್ವ. "ಹಾಕೋತೇನಿ."

ತೆಗೆದೆ. ಟಕ್. ಕಿಟಕಿ ಮುಚ್ಚಿತು.

ಏನೋ ಆಯಿತೆಂದು ಓಡಿ ಇನ್ನೊಂದು ಬದಿಗೆ ಹೋದೆ. ಅಲ್ಲಿಯೂ ಟಕ್ ಎಂದಿತು. "ಯಾಕ, ಏನಾತು?" ಎಂದು ತಗಡಿಗೆ ಕೇಳಿದೆ.

"ಏನೂ ಆಗಿಲ್ರಿ. ಸುಮ್ನ ಹಾಕೊಂಡೇನಿ. ನೀವು ಅಡ್ಡ್ಯಾಡಿ ಬರ್ರಿ."

ಆ ಗಿಳಿಹಸಿರಿನ ಪಟ್ಟಿ ಒಳಗಿತ್ತು, ನಾನು ಹೊರಗಿದ್ದೆ. ಬಾಗಿಲಿನ ಹಿಡಿಕೆಯ ಮೇಲೆ ಕೈ ಇಟ್ಟು ನಿಂತಾಗ ಒಂದು ಮಾತು ಹೊಳೆಯಿತು. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ನೀಲವ್ವ ಒಂದು ಬಾಗಿಲನ್ನೂ ಮುಚ್ಚಿಕೊಂಡಿಲ್ಲ. ಮುಚ್ಚಿಕೊಂಡರೆ ತೆಗೆಯಲಾಗುವುದಿಲ್ಲವಲ್ಲ. ಬಚ್ಚಲಿಗೆ ಹೋದರೂ ಬಾಗಿಲು ಅರ್ಧ ತೆರೆದೇ ಇರುತ್ತದೆ, ಹೊರಗಿನಿಂದ ನಾನು ಎರಡು ಬೆರಳಿನಲ್ಲಿ ಅದನ್ನು ಹಿಡಿದುಕೊಂಡು ನಿಂತಿರುತ್ತೇನೆ. ಕೆಮ್ಮುತ್ತೇನೆ, ಆಯಿತೇ ಎನ್ನುತ್ತೇನೆ, ಕರೆಂಟು ಹೋದದ್ದರ ಬಗ್ಗೆ ಮಾತಾಡುತ್ತೇನೆ. ಸೀರೆ ಉಡುವಾಗ ಅಲ್ಲಿರುತ್ತೇನೆ, ನೋವಿಗೆ ಅಳುವಾಗ ಅಲ್ಲಿರುತ್ತೇನೆ. ಇಷ್ಟು ಸೇವೆ ಯಾವ ಗಂಡ ಮಾಡುತ್ತಾನೆ ಎಂದು ಎದೆಯುಬ್ಬಿಸಿಕೊಂಡು ಅಲ್ಲೇ ಇರುತ್ತೇನೆ. ಆಕೆ ಕಿಟಕಿ ಕೇಳಿದ್ದು ಗಾಳಿಗೆಂದು ನಾನು ತಿಳಿದಿದ್ದೆ.

ಬಾಗಿಲಿನಿಂದ ಕೈ ತೆಗೆದೆ. ಗಾಡಿಗೆ ಬೆನ್ನು ಮಾಡಿ, ಕೆಮ್ಮು ಬಂದರೂ ನುಂಗಿಕೊಂಡು, ಏರಿಯ ಮೇಲೆ ನಡೆದು ಹೋಗಿ ಒಂದು ಕಲ್ಲಿನ ಮೇಲೆ ಕುಳಿತೆ. ಗದ್ದೆಯ ಹೆಂಗಸರು ಒಂದು ಮಡಿ ಮುಗಿಸಿ ಇನ್ನೊಂದಕ್ಕೆ ಇಳಿದರು. ಬಿಸಿಲು ಇಳಿಯುವವರೆಗೆ ಗಾಡಿಯ ಒಳಗಿನಿಂದ ಯಾರೂ ನನ್ನನ್ನು ಕರೆಯಲಿಲ್ಲ. ನಾನೂ ತಿರುಗಿ ನೋಡಲಿಲ್ಲ.